ಅರ್ಧ ರೊಟ್ಟಿ, ಅರ್ಧ ಸಾಲು: ಕಲಬುರಗಿಯ ಒಂದು ಪ್ರಕರಣ

ರೋಗಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕಲಬುರಗಿಯ ಹಳೇ ಓಣಿಯೊಂದರಲ್ಲಿ ಮನೆ. ಕೋರ್ಟಿನ ಆವರಣದಲ್ಲಿ ಎಲ್ಲರೂ ಅವರನ್ನು ಮುನ್ಶಿ ಕಾಕಾ ಅಂತ ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಅವರ ಕಸುಬನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಇಡೀ ಪ್ರಕರಣ ಅದರ ಮೇಲೇ ನಿಂತಿದೆ. ನಿಜಾಮರ ಕಾಲದ ಉರ್ದು ಕಂದಾಯ ಕಾಗದಗಳನ್ನು ಓದಿ ಕನ್ನಡದಲ್ಲಿ ಬರೆದುಕೊಡುವುದು ಅವರ ಕೆಲಸ.

ಈ ಕಡೆಯವರಿಗೆ ಇದರ ಹಿನ್ನೆಲೆ ಗೊತ್ತೇ ಇದೆ. ಕಲಬುರಗಿ, ಬೀದರ್, ಯಾದಗಿರಿ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸರಕಾರಿ ಭಾಷೆ ಉರ್ದು. ಹೊಲದ ಹಕ್ಕು, ಇನಾಮು, ಸರ್ವೆ, ವಸೂಲಿ ಎಲ್ಲವೂ ಉರ್ದುವಿನಲ್ಲಿ, ಫಸಲಿ ಅನ್ನುವ ಕಂದಾಯ ಇಸವಿಯ ಲೆಕ್ಕದಲ್ಲಿ. ಇವತ್ತಿಗೂ ಅಣ್ಣತಮ್ಮಂದಿರ ಹೊಲದ ತಂಟೆ ಕೋರ್ಟಿಗೆ ಬಂದರೆ ಅಜ್ಜನ ಟ್ರಂಕಿನಿಂದ ಇಂಥದೊಂದು ಹಳದಿ ಕಾಗದ ಹೊರಗೆ ಬರುತ್ತದೆ. ಅದನ್ನು ಓದಬಲ್ಲ ವಕೀಲರು ಈಗ ಕಡಿಮೆ. ಕಾಕಾ ಅವರ ತಂದೆ ಪಟವಾರಿ, ಅಂದರೆ ಊರಿನ ಕಂದಾಯ ಲೆಕ್ಕ ಬರೆಯುವವರು, ಆಗಿದ್ದವರು. ಮನೆಯಲ್ಲೇ ಮಗನಿಗೆ ಉರ್ದು ಕಲಿಸಿದ್ದರು. ಶಾಲೆ ಓದಿದ್ದು ಕನ್ನಡದಲ್ಲಿ. ಹೀಗೆ ಎರಡೂ ಲಿಪಿ ಸಣ್ಣಂದಿನಿಂದಲೇ ರೂಢಿ. ಒಂದು ಎಡದಿಂದ ಬಲಕ್ಕೆ ಹೋಗುತ್ತದೆ, ಇನ್ನೊಂದು ಬಲದಿಂದ ಎಡಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಸಿಗೆಯ ಒಂದು ಬೆಳಗ್ಗೆ ಅವರಿಗೆ ಎಡಗೈ, ಎಡಗಾಲು ಸೋತವು. ಲಕ್ವಾ ಹೊಡೆಯಿತು ಅಂತ ಮನೆಯವರು ಮೊದಲು ನಾಟಿ ಔಷಧಿ ಕೊಡುವವರ ಹತ್ತಿರ ಕರೆದೊಯ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಹೋಗಬೇಕು. ಆ ಹೊತ್ತು ದಾಟಿತ್ತು. ಸ್ಕ್ಯಾನಿನಲ್ಲಿ ಮೆದುಳಿನ ಬಲಭಾಗದಲ್ಲಿ, ಕಿವಿಯ ಮೇಲಿಂದ ಹಿಂದಕ್ಕೆ ಬರುವ ಪರೈಟಲ್ ಭಾಗದಲ್ಲಿ, ರಕ್ತ ಸಿಗದೆ ಸತ್ತ ಜಾಗ ಕಾಣಿಸಿತು. ದೇಹದ ಎಡಭಾಗವನ್ನು ನಡೆಸುವುದು ಬಲ ಮೆದುಳು. ಬಿಪಿ, ಶುಗರ್ ಎರಡೂ ಮೊದಲೇ ಇದ್ದವು. ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಕಾಲು ಬೇಗ ಸುಧಾರಿಸಿತು, ಕೋಲು ಹಿಡಿದು ನಡೆಯತೊಡಗಿದರು. ಕೈ ನಿಧಾನ.

ಮಾತು ಮಾತ್ರ ಒಂಚೂರೂ ಕೆಟ್ಟಿರಲಿಲ್ಲ. ಬಹುಪಾಲು ಜನರಲ್ಲಿ ಮಾತಿನ ಯಂತ್ರವೆಲ್ಲ ಎಡ ಮೆದುಳಿನಲ್ಲಿರುತ್ತದೆ, ಇವರಿಗೆ ಪೆಟ್ಟು ಬಿದ್ದಿದ್ದು ಬಲಕ್ಕೆ. ವಚನ ಹೇಳುತ್ತಿದ್ದರು, ಹಳೇ ಕೇಸುಗಳನ್ನು ಇಸವಿ ಸಮೇತ ನೆನಪಿಸುತ್ತಿದ್ದರು, ನೋಡಲು ಬಂದವರಿಗೆ ಕಾನೂನು ಸಲಹೆ ಕೊಡುತ್ತಿದ್ದರು. ಹಾಗಾಗಿ ಎಲ್ಲರೂ ತಲೆಗೇನೂ ಆಗಿಲ್ಲ, ಕೈಕಾಲಿಗೆ ಮಾತ್ರ ಆಗಿದೆ ಅಂದುಕೊಂಡರು. ತೊಂದರೆ ಶುರುವಾದದ್ದೇ ಇಲ್ಲಿಂದ.

ಸೊಸೆ ಕಂಡದ್ದು

ನನ್ನ ಬಳಿ ಅವರನ್ನು ಕರೆತಂದದ್ದು ಸೊಸೆ. ಮೆದುಳಿಗೆ ಪೆಟ್ಟಾದವರ ನಡವಳಿಕೆ, ಗಮನ, ನೆನಪು ನೋಡುವುದು ನನ್ನ ಕೆಲಸ. ವರದಿ, ಸ್ಕ್ಯಾನ್, ಚೀಟಿ ಎಲ್ಲ ನೋಡಿ ಮುಗಿಸಿದ ಮೇಲೆ ಆಕೆ ಹೇಳಿದ ಎರಡು ಮಾತು ಆ ಕಾಗದಗಳಿಗಿಂತ ಹೆಚ್ಚು ತಿಳಿಸಿದವು. "ಅರ್ಧ ರೊಟ್ಟಿ ತಾಟಿನ್ಯಾಗ ಹಂಗೇ ಇರ್ತದ್ರೀ. ಇನ್ನೊಂದ್ ಹಾಕವ್ವ ಅಂತಾರ. ಅಲ್ಲೇ ಅದಲ್ರಿ ಮಾವ ಅಂದ್ರ, ಎಲ್ಲದ ಅಂತಾರ."

ಉಳಿಯುತ್ತಿದ್ದದ್ದು ಯಾವಾಗಲೂ ಎಡಗಡೆಯ ಅರ್ಧ. ತಾಟಿನ ಬಲಕ್ಕಿದ್ದ ಪುಂಡಿಪಲ್ಲೆ ಖಾಲಿ, ಎಡಕ್ಕಿದ್ದ ಬ್ಯಾಳಿ ಮುಟ್ಟಿಲ್ಲ. ಆಕೆ ಒಂದು ದಿನ ಬೇಸತ್ತು ತಾಟನ್ನೇ ತಿರುಗಿಸಿ ಇಟ್ಟಿದ್ದಳಂತೆ. ಆಗ ಉಳಿದದ್ದನ್ನು ಖುಷಿಯಿಂದ ಉಂಡರಂತೆ, ಈಗ ತಾನೇ ಬಡಿಸಿದರು ಅನ್ನುವ ಹಾಗೆ. ಪುಸ್ತಕಗಳಲ್ಲಿ ಇದೇ ಪರೀಕ್ಷೆ ಬರೆದಿದೆ. ಆಕೆ ಯಾವ ಪುಸ್ತಕವನ್ನೂ ಓದದೆ ಮಾಡಿದ್ದಳು.

ಇನ್ನೂ ಇದ್ದವು. ಗಡ್ಡ ಬಲಗೆನ್ನೆಗೆ ಮಾತ್ರ ಹೆರೆದುಕೊಳ್ಳುತ್ತಿದ್ದರು. ಅಂಗಿಯ ಎಡತೋಳು ಜೋತಾಡುತ್ತಿತ್ತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಎಡಗಾಲಿನ ಚಪ್ಪಲಿ ಹಾಕದೆ ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಕೇಳಿದರೆ ಉತ್ತರ ಒಂದೇ: "ನನಗೇನಾಗ್ಯದ? ಕೈ ಒಂದೀಟು ಸೋತದ, ಅಷ್ಟೇ." ತನ್ನ ಕೊರತೆ ತನಗೇ ತಿಳಿಯದಿರುವ ಈ ಸ್ಥಿತಿಗೆ ಫ್ರಾನ್ಸಿನ ವೈದ್ಯ ಬಬಿನ್ಸ್ಕಿ 1914ರಲ್ಲಿ ಅನೊಸೊಗ್ನೋಸಿಯ ಅಂತ ಹೆಸರಿಟ್ಟ. ಅದು ಸುಳ್ಳಲ್ಲ, ಮೊಂಡುತನವೂ ಅಲ್ಲ. ಕೊರತೆಯನ್ನು ಗುರುತಿಸಬೇಕಾದ ಭಾಗಕ್ಕೇ ಏಟು ಬಿದ್ದಿರುತ್ತದೆ.

ಮನೆಯವರು ತಮಗೆ ತೋಚಿದ ಅರ್ಥ ಕಟ್ಟಿಕೊಂಡಿದ್ದರು. ಮೊದಲು ಕಣ್ಣು ಅಂದರು. ಕಣ್ಣಿನ ವೈದ್ಯರು ಸ್ವಲ್ಪ ಪೊರೆ ಇದೆ ಅಂದರು, ಹೊಸ ಚಸ್ಮಾ ಬಂತು, ರೊಟ್ಟಿ ಅರ್ಧಕ್ಕೇ ಉಳಿಯಿತು. ಆಮೇಲೆ ವಯಸ್ಸಾದ ಹಟ ಅಂದರು. ದೊಡ್ಡ ಮಗನ ಅರ್ಥ ಎಲ್ಲಕ್ಕಿಂತ ಕಹಿಯಾಗಿತ್ತು. "ನಾ ಬಂದು ಕುಂತ್ರ ಮುಖಾ ತಿರುವ್ತಾರ್ರೀ. ತಮ್ಮನ ಸಂಗಟ ನಕ್ಕೊಂತ ಮಾತಾಡ್ತಾರ." ಹೊಲದ ವಾಟ್ನಿ, ಅಂದರೆ ಪಾಲು ಹಂಚಿಕೆಯ ವಿಷಯ ಮನೆಯಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಅಪ್ಪ ಯಾರ ಕಡೆ ಅನ್ನುವುದು ಈಗ ಗೊತ್ತಾಯಿತು ಅಂತ ಆತ ನಂಬಿದ್ದ.

ಮನೆಗೆ ಹೋಗಿ ನೋಡಿದಾಗ ಮಂಚದ ತಲೆಭಾಗ ಒಂದು ಗೋಡೆಗೆ ಆನಿಸಿತ್ತು. ಎಡಕ್ಕೆ ಒಂದು ಕುರ್ಚಿ, ಬಲಕ್ಕೆ ಒಂದು ಸ್ಟೂಲು. ದೊಡ್ಡವನು ಹಿರಿಯ, ಕುರ್ಚಿಯಲ್ಲಿ ಕೂರುತ್ತಿದ್ದ. ಚಿಕ್ಕವನು ಸ್ಟೂಲಿನ ಮೇಲೆ. ಇಬ್ಬರನ್ನೂ ಅದಲು ಬದಲು ಕೂರಿಸಿದೆ. ಕಾಕಾ ದೊಡ್ಡ ಮಗನನ್ನು ನೋಡಿ, ಯಾವಾಗ ಬಂದಿ, ಊಟ ಆತೇನು ಅಂತ ಕೇಳಿದರು. ಆತ ಒಂದು ಗಂಟೆಯಿಂದ ಅಲ್ಲೇ ಇದ್ದ.

ಕಣ್ಣಲ್ಲ, ಗಮನ

ಎಡಗಡೆ ಕಾಣುತ್ತಿಲ್ಲವೋ, ಕಂಡರೂ ಲೆಕ್ಕಕ್ಕೆ ಬರುತ್ತಿಲ್ಲವೋ? ಮೊದಲು ಬಿಡಿಸಬೇಕಾದದ್ದು ಇದನ್ನು. ಪಾರ್ಶ್ವವಾಯುವಿನಲ್ಲಿ ನೋಟದ ಎಡ ಅರ್ಧವೇ ಹೋಗುವುದೂ ಉಂಟು. ಆದರೆ ಅಂಥವರಿಗೆ ತಮ್ಮ ಎಡ ಕುರುಡು ಅಂತ ಬೇಗ ತಿಳಿಯುತ್ತದೆ, ತಲೆ ತಿರುಗಿಸಿ ನೋಡಿಕೊಳ್ಳುತ್ತಾರೆ. ಕಾಕಾ ತಲೆ ತಿರುಗಿಸುತ್ತಲೇ ಇರಲಿಲ್ಲ.

ನನ್ನ ಮೂಗನ್ನೇ ನೋಡಿ ಅಂತ ಹೇಳಿ ಎಡಗಡೆ ಒಂದು ಬೆರಳು ಆಡಿಸಿದೆ. ಹೂಂ, ಆಡ್ತು ಅಂದರು. ಬಲಗಡೆ ಆಡಿಸಿದೆ, ಅದನ್ನೂ ಹೇಳಿದರು. ಎರಡೂ ಕಡೆ ಒಟ್ಟಿಗೆ ಆಡಿಸಿದಾಗ ಬಲಗಡೆಯದು ಮಾತ್ರ ಅಂದರು. ಕಣ್ಣಿಗೆ ಎಡಗಡೆಯ ಬೆರಳು ಬೀಳುತ್ತಿದೆ. ಬಲಗಡೆ ಪೈಪೋಟಿಗೆ ಇನ್ನೊಂದು ಬಂದ ಕೂಡಲೇ ಎಡದ್ದು ಅಳಿಸಿಹೋಗುತ್ತಿದೆ. ಇದು ಕಣ್ಣಿನ ಕಾಯಿಲೆಯ ನಡತೆ ಅಲ್ಲ. ಆಮೇಲೆ ಹಾಳೆ ತುಂಬ ಚಿಕ್ಕ ಚಿಕ್ಕ ಗೆರೆ ಇರುವ ಆಲ್ಬರ್ಟ್ ಪರೀಕ್ಷೆ ಕೊಟ್ಟೆ. 1973ರಿಂದ ಬಳಕೆಯಲ್ಲಿದೆ, ಇರುವುದು 40 ಗೆರೆ, ಎಲ್ಲವನ್ನೂ ಅಡ್ಡ ಹೊಡೆಯಬೇಕು. ಹಾಳೆಯ ಬಲಭಾಗದವನ್ನು ನೀಟಾಗಿ ಹೊಡೆದು, ಮುಗೀತು ಅಂತ ಪೆನ್ನು ಇಟ್ಟರು. ಉದ್ದ ಗೆರೆಯ ನಡುವೆ ಗುರುತು ಹಾಕಿ ಅಂದರೆ ನಿಜವಾದ ನಡುವಿನಿಂದ ಎರಡು ಬೆರಳಿನಷ್ಟು ಬಲಕ್ಕೆ ಹಾಕಿದರು.

ಹೀಗೆ ಒಂದು ಕಡೆ ಗಮನಕ್ಕೇ ಬಾರದಿರುವುದಕ್ಕೆ ವೈದ್ಯರು ಇಟ್ಟ ಹೆಸರು ನೆಗ್ಲೆಕ್ಟ್. ಅಪರೂಪದ್ದೇನಲ್ಲ. ಬಲ ಮೆದುಳಿಗೆ ಪಾರ್ಶ್ವವಾಯು ಆದವರಲ್ಲಿ ಮೊದಲ ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಇದು ಒಂದಿಷ್ಟಾದರೂ ಇರುತ್ತದೆ. ಎಡ ಮೆದುಳಿಗೆ ಆದವರಲ್ಲಿ ಬಲಗಡೆ ಮರೆಯುವುದು ಇದಕ್ಕಿಂತ ಕಡಿಮೆ, ಬಂದರೂ ಬೇಗ ಸರಿಹೋಗುತ್ತದೆ. ಯಾಕೆ ಈ ಭೇದ? 1980ರ ಸುಮಾರಿಗೆ ಹೈಲ್ಮನ್, ಮೆಸುಲಮ್ ಅನ್ನುವ ಅಮೆರಿಕದ ನರತಜ್ಞರು ಕೊಟ್ಟ ವಿವರಣೆ ಇವತ್ತಿಗೂ ಹೆಚ್ಚು ಒಪ್ಪಿತವಾದದ್ದು. ಎಡ ಮೆದುಳು ಬಲಗಡೆಯನ್ನು ಮಾತ್ರ ಕಾಯುತ್ತದೆ. ಬಲ ಮೆದುಳು ಎರಡೂ ಕಡೆ ಕಾಯುತ್ತದೆ. ಎಡಕ್ಕೆ ಪೆಟ್ಟಾದರೆ ಬಲ ಮೆದುಳು ಹೇಗೋ ಸಂಭಾಳಿಸುತ್ತದೆ. ಬಲಕ್ಕೆ ಪೆಟ್ಟಾದರೆ ಎಡಗಡೆ ಲೋಕ ಕಾಯಲು ಯಾರೂ ಇಲ್ಲ. ಕಿನ್ಸ್‌ಬೋರ್ನ್ ಅನ್ನುವವರು ಇನ್ನೊಂದು ಬಗೆಯಲ್ಲಿ ಹೇಳಿದರು: ಮೆದುಳಿನ ಎರಡೂ ಅರ್ಧಗಳು ಗಮನವನ್ನು ತಮ್ಮ ತಮ್ಮ ಎದುರು ಕಡೆಗೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ತಳ್ಳುತ್ತಿರುತ್ತವೆ, ಒಂದಕ್ಕೆ ಪೆಟ್ಟಾದರೆ ಒಂದು ತಟ್ಟೆ ಹಗುರಾದ ತಕ್ಕಡಿಯ ಹಾಗೆ ಗಮನ ಒಂದೇ ಕಡೆ ವಾಲಿಬಿಡುತ್ತದೆ. ಎರಡೂ ಸ್ವಲ್ಪ ಸ್ವಲ್ಪ ನಿಜ ಇರಬೇಕು ಅಂತ ನನಗನಿಸುತ್ತದೆ.

ಬ್ರಿಟನ್ನಿನ ನರವೈದ್ಯ ರಸೆಲ್ ಬ್ರೇನ್ (ಹೌದು, ಅಡ್ಡಹೆಸರೇ ಬ್ರೇನ್) 1941ರಲ್ಲಿ ಇಂಥ ಮೂವರ ಬಗ್ಗೆ ಬರೆದಿದ್ದರು. ಅವರು ಸ್ವಂತ ಮನೆಯಲ್ಲೇ ದಾರಿ ತಪ್ಪುತ್ತಿದ್ದರು, ಎಡಕ್ಕೆ ಹೊರಳಬೇಕಾದಲ್ಲೆಲ್ಲ ಬಲಕ್ಕೆ ಹೊರಳಿ. ಕಾಕಾ ಕೂಡ ಬಚ್ಚಲಮನೆ ಹುಡುಕಿ ಅಡುಗೆಮನೆಗೆ ಬರುತ್ತಿದ್ದರು. ಅರಳುಮರುಳು ಶುರುವಾಯಿತು ಅಂತ ನೆರೆಯವರು ಹೇಳಿಯೂ ಆಗಿತ್ತು.

ಒಂದು ಮಾತು ಇಲ್ಲಿ ಸೇರಿಸಬೇಕು. ಪೆನ್ನು-ಹಾಳೆಯ ಪರೀಕ್ಷೆ ಕಾಕಾ ಅವರಿಗೆ ಒಗ್ಗುತ್ತದೆ. ನಮ್ಮ ಭಾಗದಲ್ಲಿ ಎಲ್ಲರಿಗೂ ಒಗ್ಗುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಪೆನ್ನು ಹಿಡಿಯದ ಅಜ್ಜಿಗೆ ಗೆರೆ ಹೊಡೆಯಲು ಹೇಳಿ, ತಪ್ಪಿದಳು ಅಂತ ಬರೆಯುವುದು ಅನ್ಯಾಯ ಅಲ್ವಾ? ಸ್ವೀಡನ್ನಿನ ಇಬ್ಬರು 1996ರಲ್ಲಿ ಮಾಡಿದ ಒಂದು ಪರೀಕ್ಷೆ ಇದೆ: 16 ತುಂಡುಗಳನ್ನು ಒಂದು ಹಲಗೆಯ ಮೇಲೆ, ಬ್ರೆಡ್ ಬೇಯಿಸಲು ಇಡುವಂತೆ, ಸಮನಾಗಿ ಹರಡಬೇಕು. ನಾನು ಹಳ್ಳಿಯವರಿಗೆ ಧೋತರ ಹಾಸಿ 16 ಸಂಡಿಗೆ ಕೊಡುತ್ತೇನೆ, ಬಿಸಿಲಿಗೆ ಹಾಕವ್ವ ಅನ್ನುತ್ತೇನೆ. ನೆಗ್ಲೆಕ್ಟ್ ಇದ್ದರೆ ಎಲ್ಲ ಸಂಡಿಗೆ ಬಲಗಡೆ ಗುಂಪಾಗುತ್ತವೆ. ಓದು ಬರಹ ಬೇಕಿಲ್ಲ.

ತಮ್ಮ ಮನೆಯನ್ನೇ ಬಿಟ್ಟ ಬಗೆ

ಇಟಲಿಯ ಬಿಸಿಯಾಕ್ ಮತ್ತು ಲುಜಾಟಿ 1978ರಲ್ಲಿ ಮಾಡಿದ ಪ್ರಯೋಗ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಮಿಲಾನ್ ನಗರದ ಇಬ್ಬರು ರೋಗಿಗಳಿಗೆ ಅಲ್ಲಿನ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ಮನಸ್ಸಿನಲ್ಲೇ ನೋಡಲು ಹೇಳಿದರು. ಚರ್ಚಿಗೆ ಮುಖ ಮಾಡಿ ನಿಂತಿದ್ದೀರಿ ಅಂದಾಗ ಬಲಗಡೆಯ ಕಟ್ಟಡಗಳನ್ನಷ್ಟೇ ಹೇಳಿದರು. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡುತ್ತಿದ್ದೀರಿ ಅಂದಾಗ ಮೊದಲು ಬಿಟ್ಟಿದ್ದವನ್ನು ಹೇಳಿ, ಮೊದಲು ಹೇಳಿದ್ದವನ್ನು ಬಿಟ್ಟರು. ಕಣ್ಣು ಇಲ್ಲಿ ಕೆಲಸ ಮಾಡುತ್ತಲೇ ಇಲ್ಲ. ನೆನಪೂ ಇದೆ. ನೆನಪಿನೊಳಗಿನ ಚಿತ್ರದಲ್ಲೂ ಎಡ ಮರೆಯಾಗುತ್ತಿದೆ.

ಕಾಕಾ ಅವರಿಗೆ ಅವರ ಓಣಿಯನ್ನೇ ಕೇಳಿದೆ. ರಸ್ತೆಯ ಬಾಯಲ್ಲಿ ನಿಂತು ಹಣಮಪ್ಪನ ಗುಡಿ ಕಡೆ ನೋಡ್ತಿದ್ದೀರಿ, ಏನೇನು ಅದಾವ ಹೇಳ್ರಿ ಅಂದೆ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಟೇಲರ್, ಮಾಸ್ತರ ಮನೆ, ಬೇವಿನ ಗಿಡ ಅಂದರು. ಅಷ್ಟೇ ಏನ್ರಿ ಅಂದರೆ ಅಷ್ಟೇ ಅಂದರು. ಎಲ್ಲವೂ ಬಲಗಡೆಯವು. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಈಗ ಗುಡಿ ಕಟ್ಟಿ ಮ್ಯಾಲ ಕುಂತು ರಸ್ತೆ ಕಡೆ ನೋಡ್ರಿ ಅಂದೆ. ಕಟಿಂಗ್ ಅಂಗಡಿ, ಚಹಾದ ಹೋಟೆಲು, ಬೋರ್‌ವೆಲ್ಲು, ಕೊನೆಗೆ ತಮ್ಮ ಸ್ವಂತ ಮನೆ. ಮೊದಲನೇ ಸಲ ಹುಟ್ಟಿ ಬೆಳೆದ ಮನೆಯನ್ನೇ ಓಣಿಯಿಂದ ಬಿಟ್ಟಿದ್ದರು, ಅದು ಅವರಿಗೆ ಗೊತ್ತೂ ಆಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡ ಮಗನಿಗೆ ಅಪ್ಪನ ಕಾಯಿಲೆ ಅರ್ಥವಾದದ್ದು ನನ್ನ ವಿವರಣೆಯಿಂದಲ್ಲ, ಇದರಿಂದ.

ಮರೆಯಾದದ್ದು ಪೂರ್ತಿ ಮರೆಯಾಗಿರುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. 1988ರಲ್ಲಿ ಮಾರ್ಷಲ್ ಮತ್ತು ಹ್ಯಾಲಿಗನ್ ಒಬ್ಬ ಮಹಿಳೆಗೆ ಎರಡು ಮನೆಯ ಚಿತ್ರ ತೋರಿಸಿದರು. ಒಂದಕ್ಕೆ ಎಡಗಡೆ ಬೆಂಕಿ ಹತ್ತಿತ್ತು. ಎರಡೂ ಒಂದೇ ಅಂದಳು. ಯಾವುದರಲ್ಲಿ ಇರುತ್ತೀಯ ಅಂದರೆ, ಇದೆಂಥ ಪ್ರಶ್ನೆ ಅನ್ನುತ್ತಲೇ ಹೆಚ್ಚಿನ ಸಲ ಬೆಂಕಿ ಇಲ್ಲದ್ದನ್ನೇ ಆರಿಸಿದಳು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇದೇ ಪರೀಕ್ಷೆಯನ್ನು ಬೇರೆಯವರ ಮೇಲೆ ಮಾಡಿದಾಗ ಕೆಲವರು ಉರಿಯುವ ಮನೆಯನ್ನೇ ಆರಿಸಿದ್ದನ್ನು ಹೇಳುವವರು ಕಡಿಮೆ. ನಾನು ಇದನ್ನು ಕಾಕಾ ಅವರಿಗೆ ಮಾಡಲಿಲ್ಲ, ಅದರಿಂದ ಚಿಕಿತ್ಸೆಗೆ ಏನೂ ಸಿಗುತ್ತಿರಲಿಲ್ಲ.

ಎರಡು ಲಿಪಿ, ಎರಡು ತಪ್ಪು

ಈ ಪ್ರಕರಣದಲ್ಲಿ ಬರೆಯಬೇಕಾದದ್ದು ಅಂತ ನನಗೆ ಅನಿಸಿದ ಭಾಗ ಇದು.

ಕಾಕಾ ಕನ್ನಡ ಪೇಪರ್ ಓದುವುದನ್ನು ಬಿಟ್ಟಿದ್ದರು. ಕಾರಣ ಕೇಳಿದರೆ ಪೇಪರಿನವರಿಗೆ ಬೈದರು. "ಈಗಿನ ಹುಡುಗರಿಗೆ ಬರೀಲಿಕ್ಕೇ ಬರೂದಿಲ್ರಿ. ಒಂದು ಸಾಲಿಗೂ ಮುಂದಿನ ಸಾಲಿಗೂ ಸಂಬಂಧ ಇರೂದಿಲ್ಲ." ಉರ್ದು ಕಾಗದ ಮಾತ್ರ ಸರಾಗ ಓದುತ್ತೇನೆ ಅಂದರು. ಎರಡರ ಪೈಕಿ ಕಲಿತದ್ದು ಜಾಸ್ತಿ ಕನ್ನಡ. ಅದೇ ಕೆಟ್ಟು, ಉರ್ದು ಉಳಿದದ್ದು ಹೇಗೆ? ಮನೆಯವರು ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದು ಗಟ್ಟಿ ಅಂತ ಸಮಾಧಾನ ಮಾಡಿಕೊಂಡಿದ್ದರು.

ಉರ್ದು ಪಾಠ ಹೇಳುವ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಕನ್ನಡದಲ್ಲಿ ಪ್ರತಿ ಸಾಲಿನ ಮೊದಲ ಕೆಲವು ಪದ ಬಿಡುತ್ತಿದ್ದರು. ಉರ್ದುವಿನಲ್ಲಿ ಪ್ರತಿ ಸಾಲಿನ ಕೊನೆಯ ಕೆಲವು ಪದ ಬಿಡುತ್ತಿದ್ದರು. ಅಂದರೆ ಎರಡರಲ್ಲೂ ಹಾಳೆಯ ಎಡ ಅಂಚು. ಹೋದದ್ದು ಒಂದೇ, ಅದು ಕನ್ನಡದಲ್ಲಿ ಸಾಲಿನ ಶುರು, ಉರ್ದುವಿನಲ್ಲಿ ಸಾಲಿನ ಕೊನೆ.

ಬಿಡಿ ಪದಗಳಲ್ಲೂ ಹೀಗೇ. ಕಂದಾಯದ ಮಾತು ಎರಡೂ ಭಾಷೆಯಲ್ಲಿ ಹೆಚ್ಚು ಕಡಿಮೆ ಒಂದೇ ಆಗಿದ್ದು ನನಗೆ ಅನುಕೂಲವಾಯಿತು, ಒಂದೇ ಪದವನ್ನು ಎರಡೂ ಲಿಪಿಯಲ್ಲಿ ಬರೆಸಿ ತೋರಿಸಬಹುದಿತ್ತು. ಜಮೀನುದಾರ ಅನ್ನುವುದನ್ನು ಕನ್ನಡದಲ್ಲಿ ತೋರಿಸಿದರೆ ದಾರ ಅಂದರು. ಉರ್ದುವಿನಲ್ಲಿ ತೋರಿಸಿದರೆ ಜಮೀನ್ ಅಂದರು. ಇನಾಮದಾರ ಅನ್ನುವುದು ಕನ್ನಡದಲ್ಲಿ ಮತ್ತೆ ದಾರ, ಉರ್ದುವಿನಲ್ಲಿ ಇನಾಮ್. ಸರಕಾರ ಅನ್ನುವುದನ್ನು ಕನ್ನಡದಲ್ಲಿ ಒಮ್ಮೆ ಅಧಿಕಾರ ಅಂತ ಓದಿದರು. ಏನೋ ಒಂದು ಎಡಗಡೆ ಇರಬೇಕು ಅಂತ ಮೆದುಳಿಗೆ ಸುಳಿವು ಸಿಕ್ಕಿರುತ್ತದೆ, ಏನು ಅಂತ ಸಿಗುವುದಿಲ್ಲ, ತಾನೇ ತುಂಬಿಕೊಳ್ಳುತ್ತದೆ. ಹೀಬ್ರೂ ಓದುವವರಲ್ಲಿ ಇಂಥ ತೊಂದರೆ ಬಂದರೆ ಪದದ ಕೊನೆ ಹೋಗುತ್ತದೆ ಅಂತ ಇಸ್ರೇಲಿನ ಸಂಶೋಧಕರು ಬರೆದಿದ್ದಾರೆ. ಹೀಬ್ರೂ ಕೂಡ ಉರ್ದುವಿನಂತೆ ಬಲದಿಂದ ಎಡಕ್ಕೆ. ಇಲ್ಲಿ ಒಬ್ಬನೇ ಮನುಷ್ಯ ಎರಡೂ ಬಗೆಯನ್ನು ಒಂದೇ ಮೇಜಿನ ಮೇಲೆ ತೋರಿಸಿದರು.

ಅಕ್ಷರ ಮರೆತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಜಮೀನುದಾರ ಪದವನ್ನು ಒಂದರ ಕೆಳಗೆ ಒಂದು ಅಕ್ಷರ ಬರುವಂತೆ ಮೇಲಿಂದ ಕೆಳಕ್ಕೆ ಬರೆದೆ. ತಟ್ಟನೆ ಓದಿದರು. ಎಡ-ಬಲ ಇಲ್ಲದಿದ್ದರೆ ತೊಂದರೆಯೇ ಇಲ್ಲ. ಉರ್ದುವಿನಲ್ಲಿ ಅಕ್ಷರ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಈ ಉಪಾಯ ನಡೆಯುವುದಿಲ್ಲ.

ಈಗ ಪೇಪರಿನವರಿಗೆ ಬೈದದ್ದು ಯಾಕೆ ಅಂತ ತಿಳಿಯುತ್ತದೆ. ಕನ್ನಡದಲ್ಲಿ ಸಾಲಿನ ತಲೆಯೇ ಹೋದರೆ ಅರ್ಥ ಕೂಡುವುದಿಲ್ಲ, ಓದುವವರಿಗೆ ಏನೋ ಕೆಟ್ಟಿದೆ ಅಂತ ಚುಚ್ಚುತ್ತದೆ. ತಪ್ಪು ತನ್ನದು ಅಂತ ತಿಳಿಯದೆ ಇರಬಹುದು, ಆದರೆ ತಪ್ಪಿದೆ ಅಂತಾದರೂ ತಿಳಿಯುತ್ತದೆ. ಉರ್ದುವಿನಲ್ಲಿ ಸಾಲು ಸರಿಯಾದ ಜಾಗದಲ್ಲಿ ಶುರುವಾಗುತ್ತದೆ, ಓಟ ಸಿಗುತ್ತದೆ, ಕೊನೆಯ ಎರಡು ಪದ ಬಿದ್ದರೂ ಊಹೆ ಅದನ್ನು ಮುಚ್ಚಿಬಿಡುತ್ತದೆ. ಅದರ ಮೇಲೆ ಕಂದಾಯದ ಕಾಗದಗಳೆಲ್ಲ ಒಂದೇ ಅಚ್ಚಿನವು, ಮಾತುಗಳೂ ಅವೇ ಅವೇ. ಜೀವನವಿಡೀ ಅದನ್ನೇ ಓದಿದ ಮನುಷ್ಯನಿಗೆ ಸಾಲಿನ ಕೊನೆ ಬಾಯಿಪಾಠ. ಅನುಭವ ಅವರ ಕೊರತೆಯನ್ನು ಅವರಿಂದಲೇ ಬಚ್ಚಿಟ್ಟಿತ್ತು. ಕನ್ನಡ ಕೆಟ್ಟಿರಲಿಲ್ಲ, ಉರ್ದು ಉಳಿದಿರಲಿಲ್ಲ. ಒಂದರಲ್ಲಿ ತಪ್ಪು ಕಾಣಿಸುತ್ತಿತ್ತು, ಇನ್ನೊಂದರಲ್ಲಿ ಕಾಣಿಸುತ್ತಿರಲಿಲ್ಲ, ಅಷ್ಟೇ.

ಊಹೆ ಮುಚ್ಚಲಾಗದ್ದು ಅಂಕಿಗಳನ್ನು. ಉರ್ದು ಬಲದಿಂದ ಎಡಕ್ಕೆ ಹೋದರೂ ಅದರೊಳಗಿನ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ನೂರರ ಸ್ಥಾನ ಎಡ ತುದಿಯಲ್ಲಿರುತ್ತದೆ. ಮನೆಗೆ ಬಂದ ಕೆಲವೇ ವಾರಗಳಲ್ಲಿ ಕಾಕಾ ಒಬ್ಬ ವಕೀಲರಿಗೆ ಒಂದು ಪುಟ ಅನುವಾದ ಮಾಡಿ ಕೊಟ್ಟಿದ್ದರು. ಓದಿದರೆ ಎಲ್ಲೂ ತೊಡಕಿಲ್ಲ. ಕಚೇರಿಯ ಜೂನಿಯರ್ ಹುಡುಗಿ ಅದನ್ನು ಪಹಣಿ ಜೊತೆ ತಾಳೆ ನೋಡಿದಾಗ ಸರ್ವೆ ನಂಬರ್ 247 ಇರಬೇಕಾದಲ್ಲಿ 47 ಅಂತ ಇತ್ತು. ಅದು ಬೇರೆ ಯಾರದೋ ಹೊಲ. ಕೋರ್ಟಿಗೆ ಹಾಕುವ ಮೊದಲೇ ಸಿಕ್ಕಿದ್ದು ಪುಣ್ಯ. ಅಂಗಡಿಯಲ್ಲಿ 450 ರೂಪಾಯಿ ಚೀಟಿಗೆ 50 ಕೊಟ್ಟು ಜಗಳವಾಡಿದ್ದೂ ಆಮೇಲೆ ತಿಳಿಯಿತು.

ಇದೇ ಹೊತ್ತಿನಲ್ಲಿ ಚಿಕ್ಕ ಮಗನ ಕಡೆಯವರು ವಾಟ್ನಿ ಪತ್ರಕ್ಕೆ ಸಹಿ ಹಾಕಿಸಲು ತಯಾರಾಗಿದ್ದರು. ನಾನು ತಡೆಯಿರಿ ಅಂದೆ. ಬುದ್ಧಿ ಸರಿಯಿಲ್ಲ ಅಂತ ಅಲ್ಲ. ಓದಿ ಹೇಳಿದರೆ ಕಾಕಾ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ನನಗಿಂತ ಚೆನ್ನಾಗಿಯೇ. ಆದರೆ ತಾವೇ ಓದಿದರೆ ಅರ್ಧ ಕಾಗದ ಓದುತ್ತಾರೆ, ಪೂರ್ತಿ ಓದಿದೆ ಅಂತ ಪ್ರಾಮಾಣಿಕವಾಗಿ ಹೇಳುತ್ತಾರೆ. ಇಂಥವರಿಂದ ಸಹಿ ಪಡೆಯುವುದಾದರೆ ಗಟ್ಟಿಯಾಗಿ ಓದಿ, ಅವರಿಂದ ಮರಳಿ ಹೇಳಿಸಿ, ಇಬ್ಬರು ಮಕ್ಕಳ ಎದುರಿಗೇ ಮಾಡಬೇಕು. ಪಾರ್ಶ್ವವಾಯು ಆದ ಹಿರಿಯರ ಮನೆಗಳಲ್ಲಿ ಕಾಗದ ಪತ್ರದ ಅವಸರ ಎಷ್ಟಿರುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು.

ಮಾಡಿದ್ದೇನು

ಔಷಧಿಯಲ್ಲಿ ಇದಕ್ಕೆ ಖಾತ್ರಿ ಪರಿಹಾರ ಇಲ್ಲ. ಎಡಗಿವಿಗೆ ತಣ್ಣೀರು ಬಿಟ್ಟರೆ ನೆಗ್ಲೆಕ್ಟ್ ಕೆಲವು ನಿಮಿಷ ತಿಳಿಯಾಗುತ್ತದೆ ಅಂತ 1985ರಲ್ಲಿ ತೋರಿಸಿದ್ದಾರೆ. ಸಮತೋಲ ನೋಡಿಕೊಳ್ಳುವ ಒಳಕಿವಿ ಕೆರಳಿ ಕಣ್ಣು, ಗಮನ ಎರಡೂ ಎಡಕ್ಕೆ ಎಳೆದುಕೊಳ್ಳುತ್ತವೆ. ನಿಮಿಷಗಳಲ್ಲಿ ಮತ್ತೆ ಮೊದಲಿನಂತೆ. ದಯವಿಟ್ಟು ಮನೆಯಲ್ಲಿ ಯಾರೂ ಮಾಡಬೇಡಿ, ತಲೆಸುತ್ತು ವಾಂತಿ ಗ್ಯಾರಂಟಿ. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ ಸ್ವಲ್ಪ ಹೊತ್ತು ಗುರಿ ಮುಟ್ಟಿಸಿದರೆ ಆಮೇಲೆ ಗಮನ ಎಡಕ್ಕೆ ಸರಿಯುತ್ತದೆ ಅಂತ ಫ್ರಾನ್ಸಿನ ರೊಸೆಟ್ಟಿ ತಂಡ 1998ರಲ್ಲಿ ಬರೆದಾಗ ದೊಡ್ಡ ಸುದ್ದಿಯಾಗಿತ್ತು. ನಂತರದ ಅಧ್ಯಯನಗಳಲ್ಲಿ ಕೆಲವರಿಗೆ ಫಲ, ಕೆಲವರಿಗೆ ಇಲ್ಲ. ಆ ಕನ್ನಡಕ ನಮ್ಮಲ್ಲಿ ಇರಲಿಲ್ಲ, ನಾನು ಅದಕ್ಕಾಗಿ ಕಾಯಲಿಲ್ಲ.

ಮಾಡಿದ್ದು ಹಳೇ ಉಪಾಯ, ಹುಡುಕುವ ಅಭ್ಯಾಸ. ಹಾಳೆಯ ಎಡ ಅಂಚಿಗೆ ದಪ್ಪ ಕೆಂಪು ಗೆರೆ. ಕನ್ನಡದಲ್ಲಿ ನಿಯಮ ಸುಲಭ: ಕೆಂಪು ಗೆರೆ ಸಿಗುವ ತನಕ ಸಾಲು ಶುರು ಮಾಡುವಂತಿಲ್ಲ. ಅರ್ಥ ಕೂಡದಿದ್ದರೆ ಮತ್ತೆ ಗೆರೆಗೆ ಹೋಗಬೇಕು. ಇದನ್ನು ಬೇಗ ಹಿಡಿದುಕೊಂಡರು. ಪೇಪರಿನವರ ಮೇಲಿನ ಸಿಟ್ಟೂ ಇಳಿಯಿತು. ಉರ್ದುವಿನಲ್ಲಿ ಅದೇ ಗೆರೆ ಸಾಲಿನ ಕೊನೆಗೆ ಬರುತ್ತದೆ, ಸಾಲು ಮುಗಿಯಿತು ಅಂತ ಅವರಿಗೆ ಮೊದಲೇ ಅನಿಸಿಬಿಟ್ಟಿರುತ್ತದೆ. ಗೆರೆ ಹುಡುಕುವ ಅಗತ್ಯವೇ ಹುಟ್ಟುವುದಿಲ್ಲ. ಹಾಗಾಗಿ ಮೊಮ್ಮಗಳು ಜೆರಾಕ್ಸ್ ಪ್ರತಿಯ ಎಡ ಅಂಚಿನಲ್ಲಿ ಪ್ರತಿ ಸಾಲಿಗೂ ಒಂದು ನಂಬರ್ ಬರೆದಳು, ಕ್ರಮ ತಪ್ಪಿಸಿ. ಸಾಲು ಮುಗಿದ ಮೇಲೆ ಆ ನಂಬರ್ ಗಟ್ಟಿಯಾಗಿ ಹೇಳಿದರೆ ಮಾತ್ರ ಕೆಳಗಿನ ಸಾಲು. ಕ್ರಮವಾಗಿ ಬರೆದರೆ ನೋಡದೆಯೇ ಎಣಿಸಿ ಹೇಳಿಬಿಡುತ್ತಿದ್ದರು, ಮುನ್ಶಿ ಬುದ್ಧಿ! ಅಂಕಿಗಳನ್ನು ಒಂದೊಂದಾಗಿ ಓದುವುದು, ಎರಡು ನಾಲ್ಕು ಏಳು ಅಂತ, ಇನ್ನೂರ ನಲವತ್ತೇಳು ಅಂತ ಅಲ್ಲ. ಓದುವಾಗ ಎಡಗೈಯ ಬೆರಳು ಮೇಜಿನ ಎಡಭಾಗದಲ್ಲಿ ಸಣ್ಣಗೆ ತಟ್ಟುತ್ತಿರಬೇಕು. ಎಡಗೈ ಎಡಗಡೆಯೇ ಸ್ವಲ್ಪ ಅಲುಗಾಡಿದರೂ ಆ ಕಡೆ ಗಮನ ಏಳುತ್ತದೆ ಅನ್ನುವುದು ಇಯಾನ್ ರಾಬರ್ಟ್‌ಸನ್ ಮತ್ತಿತರರ ಕೆಲಸದಿಂದ ತಿಳಿದದ್ದು. ಕಾಕಾ ಅವರ ಬೆರಳಲ್ಲಿ ಅಷ್ಟು ಶಕ್ತಿ ಬಂದಿತ್ತು.

ಮನೆಯಲ್ಲಿ ಸೊಸೆ ತನ್ನದೇ ದಾರಿ ಮಾಡಿಕೊಂಡಳು. ಮಾವನಿಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಹಿಂಡಿಯನ್ನು ತಾಟಿನ ಎಡ ತುದಿಗೆ ಇಟ್ಟಳು. ಹಿಂಡಿ ಎಲ್ಲಿ ಅಂತ ಕೇಳಿದರೆ ಹೇಳುವುದಿಲ್ಲ, ಹುಡುಕ್ರಿ ಮಾವ ಅನ್ನುತ್ತಾಳೆ. ನಾನು ಕೊಟ್ಟ ಯಾವ ಅಭ್ಯಾಸಕ್ಕಿಂತಲೂ ಇದು ದಿನಕ್ಕೆ ಹೆಚ್ಚು ಸಲ ನಡೆಯಿತು, ಬೇಸರವೂ ಬರಲಿಲ್ಲ.

ಮಂಚದ ವಿಷಯದಲ್ಲಿ ಎರಡು ಅಭಿಪ್ರಾಯ ಇವೆ. ಎಲ್ಲರೂ ಎಡಗಡೆಯಿಂದಲೇ ಬಂದು ಮಾತಾಡಿಸಿ, ಗಮನ ತಾನಾಗಿ ಎಡಕ್ಕೆ ಬರುತ್ತದೆ ಅನ್ನುವವರಿದ್ದಾರೆ. ನನಗೆ ಅದು ಮೊದಲ ವಾರಗಳಲ್ಲಿ ಒಪ್ಪಿಗೆಯಾಗುವುದಿಲ್ಲ. ರೋಗಿಗೆ ಯಾರೂ ಬಂದೇ ಇಲ್ಲ ಅನಿಸುತ್ತದೆ, ಬಂದವರಿಗೆ ಅವಮಾನ ಅನಿಸುತ್ತದೆ. ಬಲಗಡೆಯಿಂದ ಮಾತು ಶುರು ಮಾಡಿ, ಕೈ ಹಿಡಿದು, ಮಾತಾಡುತ್ತಲೇ ಎಡಕ್ಕೆ ಸರಿಯಿರಿ ಅಂತ ಇಬ್ಬರು ಮಕ್ಕಳಿಗೂ ಹೇಳಿದೆ. ದೊಡ್ಡವನು ಇದನ್ನು ಚಾಚೂ ತಪ್ಪದೆ ಮಾಡಿದ.

ಈಗಿನ ಸ್ಥಿತಿ

ಮಳೆಗಾಲ ಮುಗಿಯುವ ಹೊತ್ತಿಗೆ ಆಲ್ಬರ್ಟ್ ಪರೀಕ್ಷೆಯ ಹಾಳೆ ಪೂರ್ತಿ ಹೊಡೆದರು. ಇದರಲ್ಲಿ ಎಷ್ಟು ಪಾಲು ಅಭ್ಯಾಸದ್ದು, ಎಷ್ಟು ಪಾಲು ಮೆದುಳು ತಾನೇ ಸುಧಾರಿಸಿಕೊಂಡದ್ದು ಅಂತ ಒಬ್ಬ ರೋಗಿಯಿಂದ ಹೇಳಲಾಗುವುದಿಲ್ಲ. ಮೊದಲ ಕೆಲವು ತಿಂಗಳು ತಾನಾಗಿ ಗುಣವಾಗುವುದೂ ಸಾಕಷ್ಟು ಇರುತ್ತದೆ. ಹಾಳೆ ಸರಿಯಾಯಿತು ಅಂದರೆ ಎಲ್ಲ ಸರಿಯಾಯಿತು ಅಂತಲೂ ಅಲ್ಲ. ಮೇಜಿನ ಮುಂದೆ ಶಾಂತವಾಗಿ ಕೂತಾಗ ಎಡ ಸಿಗುತ್ತದೆ. ದಣಿದಾಗ, ಗದ್ದಲದಲ್ಲಿ, ಸೂಪರ್ ಮಾರ್ಕೆಟ್ ಕಡೆಯ ಜನಜಂಗುಳಿಯಲ್ಲಿ ಮತ್ತೆ ಜಾರುತ್ತದೆ. ಒಮ್ಮೆ ಎಡದಿಂದ ಬಂದ ಆಟೋ ಕಾಣದೆ ರಸ್ತೆಗೆ ಇಳಿದಿದ್ದರು, ಮಗ ಹಿಡಿದೆಳೆದ. ಸ್ಕೂಟರ್ ಬೇಡವೇ ಬೇಡ ಅಂತ ಬರೆದುಕೊಟ್ಟಿದ್ದೇನೆ. ಆ ವಿಷಯದಲ್ಲಿ ನನ್ನ ಮೇಲೆ ಅವರಿಗೆ ಇನ್ನೂ ಮುನಿಸಿದೆ.

ಕೆಲಸಕ್ಕೆ ಮರಳಿದ್ದಾರೆ, ಒಬ್ಬರೇ ಅಲ್ಲ. ಆ ಜೂನಿಯರ್ ವಕೀಲೆ ಎದುರಿಗೆ ಕೂರುತ್ತಾಳೆ. ಆಕೆಗೆ ಉರ್ದು ಬರುತ್ತಿರಲಿಲ್ಲ, ಈಗ ಅಂಕಿಗಳನ್ನೂ ತಿಂಗಳ ಹೆಸರುಗಳನ್ನೂ ಕಲಿತಿದ್ದಾಳೆ. ಕಾಕಾ ಓದುತ್ತಾರೆ, ಆಕೆ ಬರೆಯುತ್ತಾಳೆ, ಸರ್ವೆ ನಂಬರ್, ಎಕರೆ, ಗುಂಟೆ, ಫಸಲಿ ಇಸವಿ ಬಂದಲ್ಲೆಲ್ಲ ಆಕೆ ಮೂಲ ನೋಡಿ ತಾಳೆ ಹಾಕುತ್ತಾಳೆ. ಅನುವಾದಕ್ಕೆ ಇಬ್ಬರದೂ ಸಹಿ. ಪಾರ್ಶ್ವವಾಯುವಿನ ನಂತರ, ಅಭ್ಯಾಸ ಶುರುವಾಗುವ ಮೊದಲು ಮಾಡಿದ್ದ ಅನುವಾದಗಳನ್ನೆಲ್ಲ ವಾಪಸ್ ತರಿಸಿ ಮತ್ತೆ ಓದುತ್ತಿದ್ದಾರೆ. ವಾಟ್ನಿ ಪತ್ರ ಇನ್ನೂ ಆಗಿಲ್ಲ. ಕರಡನ್ನು ಕಾಕಾ ತಾವೇ ಬರೆಯುತ್ತೇನೆ ಅಂದಿದ್ದಾರೆ.